ಉಸಿರು ಕಟ್ಟಿದಾಗ ಮೆದುಳು ಯಾವ ಲೆಕ್ಕ ನೋಡುತ್ತದೆ?

ಬೇಸಿಗೆ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಬಾವಿಯ ಕೆಸರು ತೆಗೆಯುವ ಕೆಲಸ ಶುರು. ಬದಿಯಡ್ಕ, ಪೆರ್ಲ, ಬಾಯಾರು ಎಲ್ಲಿ ಹೋದರೂ ಯಾರದಾದರೂ ಬಾವಿಗೆ ಹಗ್ಗ ಇಳಿಬಿಟ್ಟಿರುವುದು ಕಾಣುತ್ತದೆ. ಇದೇ ಹೊತ್ತಿಗೆ ಪೇಪರಿನಲ್ಲಿ ಆ ಸುದ್ದಿಯೂ ಬರುತ್ತದೆ. ಬಾವಿಗಿಳಿದವರು ಉಸಿರುಗಟ್ಟಿ ಬಿದ್ದರು, ಅವರನ್ನು ಎತ್ತಲು ಇಳಿದ ಇನ್ನೊಬ್ಬರೂ ಬಿದ್ದರು. ಊರು ಬೇರೆ, ಹೆಸರು ಬೇರೆ, ಸುದ್ದಿ ಮಾತ್ರ ಅದೇ.

ನಾನು ಹೈಸ್ಕೂಲಿನಲ್ಲಿದ್ದಾಗ ಮಾವ ಅವರ ಗುಡ್ಡದಲ್ಲಿ ಸುರಂಗ ಕೊರೆಯುತ್ತಿದ್ದರು. ಸುರಂಗ ಅಂದರೆ ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಗುಹೆ. ಮುರಕಲ್ಲಿನ ನಡುವೆ ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ನಮ್ಮವರಿಗೆ ಇದನ್ನು ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಬರೆದೆ. ಒಂದು ದಿನ ಮಣ್ಣು ಹೊರಲು ನಾನೂ ಬುಟ್ಟಿ ಹಿಡಿದು ಒಳಗೆ ಹೋದೆ. ತುದಿಯಲ್ಲಿ, ಗೋಡೆಯ ಗೂಡಿನಲ್ಲಿ ಒಂದು ಮೇಣದ ಬತ್ತಿ. ಉರಿ ಮೊದಲು ಚೆನ್ನಾಗಿಯೇ ನಿಂತಿತ್ತು. ಸ್ವಲ್ಪ ಹೊತ್ತಿಗೆ ಗಿಡ್ಡವಾಯಿತು, ಮಂಕಾಯಿತು, ಆಮೇಲೆ ಬತ್ತಿಗೆ ಅಂಟಿಕೊಂಡ ಹಾಗೆ ಸಣ್ಣಗೆ ಉಳಿಯಿತು. ನನಗೋ ಎರಡು ಬುಟ್ಟಿ ಮಣ್ಣು ತುಂಬಿದ್ದಕ್ಕೇ ಏದುಸಿರು, ಗುಡ್ಡ ಓಡಿ ಹತ್ತಿದ ಹಾಗೆ. ಮಾವ ಪಿಕ್ಕಾಸನ್ನು ಅಲ್ಲೇ ಹಾಕಿ, "ನಡಿ ಹೊರಗೆ, ಬುಟ್ಟಿ ಇರಲಿ" ಅಂದರು.

ಹೊರಗೆ ಬಂದು ನಾಲ್ಕು ಉಸಿರು ತೆಗೆದ ಮೇಲೆ ಎಲ್ಲ ಸರಿಯಾಯಿತು. ಒಳಗೆ ಆಮ್ಲಜನಕ ಕಮ್ಮಿ ಇತ್ತು, ಅದಕ್ಕೇ ಏದುಸಿರು ಬಂತು ಅಂತ ನಾನು ಅಂದುಕೊಂಡೆ. ಹೆಚ್ಚಿನವರು ಹಾಗೇ ಅಂದುಕೊಳ್ಳುತ್ತಾರೆ. ಆದರೆ ಏದುಸಿರು ಬರಿಸಿದ್ದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ಮಣ್ಣಿನಿಂದ, ಬೇರಿನಿಂದ, ಬತ್ತಿಯಿಂದ, ನಮ್ಮಿಬ್ಬರ ಉಸಿರಿನಿಂದಲೇ ಅಲ್ಲಿ ತುಂಬಿಕೊಂಡದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ಜೀವ ಹೋಗುತ್ತದೆ. ಅದಕ್ಕೇ ಬುಡದಿಂದ ಹೇಳುತ್ತೇನೆ.

ಕೂತಲ್ಲೇ ನೋಡಬಹುದು

ಕೋವಿಡ್ ಹೊತ್ತಿನಲ್ಲಿ ತಂದ ಆಕ್ಸಿಮೀಟರ್ ಈಗಲೂ ತುಂಬಾ ಮನೆಗಳಲ್ಲಿದೆ. ಬೆರಳಿಗೆ ಸಿಕ್ಕಿಸುವ ಆ ಸಣ್ಣ ಕ್ಲಿಪ್ಪು. ಕುರ್ಚಿಯಲ್ಲಿ ಕೂತು ಅದನ್ನು ಹಾಕಿಕೊಂಡು ಉಸಿರು ಬಿಗಿಹಿಡಿಯಿರಿ. (ಹೃದಯದ ತೊಂದರೆ, ಉಬ್ಬಸ ಇರುವವರು, ಗರ್ಭಿಣಿಯರು ಬೇಡ.) ಮೂವತ್ತು, ನಲವತ್ತು ಸೆಕೆಂಡಿಗೆ ಎದೆಯೊಳಗೆ ಒತ್ತಡ ಶುರುವಾಗುತ್ತದೆ. ಹೊಟ್ಟೆ ತಾನಾಗಿ ಜಗ್ಗುತ್ತದೆ. ಇನ್ನು ಆಗದು ಅಂತ ಬಾಯಿ ತೆರೆಯುತ್ತೀರಿ. ಆಗ ಕ್ಲಿಪ್ಪಿನ ಅಂಕಿ ನೋಡಿ. ಆರೋಗ್ಯವಂತರಲ್ಲಿ ಅದು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ, 97, 98ರ ಹತ್ತಿರ.

ಅಂದರೆ ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದೆ. ಆದರೂ ದೇಹ "ಉಸಿರಾಡು" ಅಂತ ಕೂಗಿತು, ಅಲ್ವಾ? ಕೂಗಿಸಿದ್ದು ಹೊರಗೆ ಹೋಗದೆ ಉಳಿದ ಇಂಗಾಲದ ಡೈಆಕ್ಸೈಡ್.

ಎಂಜಲೆಲೆಯ ಲೆಕ್ಕ

ನಾವು ತಿಂದ ಅನ್ನ ಜೀವಕೋಶಗಳಲ್ಲಿ ಆಮ್ಲಜನಕದ ಜೊತೆ ನಿಧಾನಕ್ಕೆ ಉರಿಯುತ್ತದೆ. ಅದರಿಂದ ಶಕ್ತಿ ಸಿಗುತ್ತದೆ, ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ರಕ್ತ ಅದನ್ನು ಶ್ವಾಸಕೋಶಕ್ಕೆ ತರುತ್ತದೆ, ಉಸಿರು ಹೊರಗೆ ಹಾಕುತ್ತದೆ. ಒಳಗೆ ಎಳೆಯುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು, ಇಂಗಾಲದ ಡೈಆಕ್ಸೈಡ್ ಬರೀ 0.04. ಹೊರಗೆ ಬಿಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 16, ಇಂಗಾಲದ ಡೈಆಕ್ಸೈಡ್ ಸುಮಾರು 4.

ಹಾಗಾದರೆ ದೇಹ ಆಮ್ಲಜನಕವನ್ನೇ ಯಾಕೆ ಅಳೆಯುತ್ತಾ ಕೂರುವುದಿಲ್ಲ? ನಮ್ಮ ಕಡೆಯ ಜೆಂಬರದ ಮನೆ ನೆನಪು ಮಾಡಿಕೊಳ್ಳಿ. ಅಡಿಗೆಯವರು ಕೊಟ್ಟಿಗೆಯ ಹಿಂದೆ ಒಲೆಯ ಹತ್ತಿರ ಇರುತ್ತಾರೆ. ಚಪ್ಪರದಲ್ಲಿ ಎಷ್ಟು ಜನ ಉಂಡರು ಅಂತ ಅವರಿಗೆ ಕಾಣುವುದಿಲ್ಲ. ಉಗ್ರಾಣದಲ್ಲಿ ಅಕ್ಕಿ ಮೂಟೆಗಟ್ಟಲೆ ಇದೆ, ಐವತ್ತು ಜನ ಉಂಡರೂ ಅದರಲ್ಲಿ ಏನೂ ಗೊತ್ತಾಗದು. ಆದರೆ ಹೊರಗೆ ಬಂದು ಬೀಳುವ ಎಂಜಲೆಲೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಎಲೆ ರಾಶಿ ಬೆಳೆಯಿತಾ, ಊಟ ಜೋರಾಗಿದೆ, ಇನ್ನೊಂದು ಹಂಡೆ ಅನ್ನ ಇಡಬೇಕು. ಜೊತೆಗೆ ಎಲೆಯನ್ನು ತೆಗೆಸಲೇಬೇಕು, ಇಲ್ಲದಿದ್ದರೆ ಜಾಗವೇ ಕೆಡುತ್ತದೆ.

ದೇಹವೂ ಹೀಗೇ. ರಕ್ತದ ಹೀಮೋಗ್ಲೋಬಿನ್‌ನಲ್ಲಿ ಆಮ್ಲಜನಕದ ದಾಸ್ತಾನು ತುಂಬಿರುತ್ತದೆ. ಉಸಿರು ಸ್ವಲ್ಪ ಹೆಚ್ಚುಕಮ್ಮಿಯಾದರೆ ಅದರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಉಸಿರಿನ ಜೊತೆಜೊತೆಗೇ ಏರುತ್ತದೆ, ಇಳಿಯುತ್ತದೆ. ಉಸಿರು ಅರ್ಧಕ್ಕಿಳಿದರೆ ಇದು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಅಳೆಯಲು ಇದಕ್ಕಿಂತ ನಂಬಿಕೆಯ ಗುರುತು ಬೇರೆ ಇಲ್ಲ.

ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜಾನ್ ಪ್ರೀಸ್ಟ್ಲಿ, 1905ರಲ್ಲಿ. ಹಾಲ್ಡೇನ್ ಗಣಿಗಳ ಗಾಳಿಯನ್ನು ಪರೀಕ್ಷೆ ಮಾಡಿದವರು, ಮುಚ್ಚಿದ ಪೆಟ್ಟಿಗೆಯೊಳಗೆ ತಾವೇ ಕೂತು ಉಸಿರಾಡಿ ನೋಡಿದವರು. ಶ್ವಾಸಕೋಶದ ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಬರೀ 0.2 ಪಾಲು ಹೆಚ್ಚಾದರೆ ಸಾಕು, ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ ಅಂತ ಇಬ್ಬರೂ ಕಂಡುಕೊಂಡರು. ಇದೇ ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರೇ ಆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಗೋಲಿಸೋಡಾದ ಚುರುಕು

ಸೋಡಾ ಕುಡಿದಾಗ ನಾಲಿಗೆ ಚುರ್ ಅನ್ನುತ್ತದೆ. ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಕಾರ್ಬಾನಿಕ್ ಆಮ್ಲ ಆಗುತ್ತದೆ, ಅದರ ಹುಳಿ ಅದು. ರಕ್ತದಲ್ಲೂ ಇದೇ ನಡೆಯುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ರಕ್ತ ಹುಳಿಯ ಕಡೆ ವಾಲುತ್ತದೆ, ಕಮ್ಮಿಯಾದರೆ ಕ್ಷಾರದ ಕಡೆ.

ಹುಳಿ ಅಳೆಯುವ ಅಳತೆಗೆ ಪಿಎಚ್ ಅನ್ನುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಮ್ಮ ರಕ್ತದ ಪಿಎಚ್ 7.35 ರಿಂದ 7.45ರ ಒಳಗೇ ಇರಬೇಕು. ಎಷ್ಟು ಸಣ್ಣ ಜಾಗ ನೋಡಿ. ಜೀವಕೋಶದ ಪ್ರೋಟೀನುಗಳ ಆಕಾರ ನಿಲ್ಲುವುದೇ ಈ ಹದದ ಮೇಲೆ. ಹದ ತಪ್ಪಿದರೆ ಹೃದಯದ ಬಡಿತ, ನರಗಳ ಕೆಲಸ ಎಲ್ಲ ಏರುಪೇರು. ಮೂತ್ರಪಿಂಡವೂ ಈ ಹುಳಿಯನ್ನು ಸರಿಮಾಡುತ್ತದೆ, ಆದರೆ ಅದಕ್ಕೆ ದಿನಗಟ್ಟಲೆ ಬೇಕು. ಉಸಿರಿಗೆ ನಿಮಿಷ ಸಾಕು. ಹಾಗಾಗಿ ಉಸಿರಾಟ ಬರೀ ಗಾಳಿ ಎಳೆಯುವ ಕೆಲಸವಲ್ಲ, ಕ್ಷಣಕ್ಷಣಕ್ಕೂ ರಕ್ತದ ಹುಳಿ ಕಾಯುವ ಕೆಲಸ.

ಕಾವಲು ಎಲ್ಲಿದೆ?

ಮುಖ್ಯ ಕಾವಲು ಮೆದುಳಿನ ಬುಡದಲ್ಲಿ. ಕತ್ತಿನ ಹಿಂದೆ, ತಲೆಬುರುಡೆ ಶುರುವಾಗುವಲ್ಲಿ ಕೈ ಇಡಿ. ಅದರ ಒಳಗೆ ಮೆಡುಲ್ಲ ಅನ್ನುವ ಭಾಗ ಇದೆ. ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಕಾಂಡದ ತುದಿ ಅದು. ಅದರ ಕೆಳಮೈಯಲ್ಲಿ ಹುಳಿಯನ್ನು ಗುರುತಿಸುವ ನರಕೋಶಗಳ ಸಣ್ಣ ಗುಂಪು ಇದೆ.

ಇಲ್ಲಿ ಒಂದು ಚಂದದ ವ್ಯವಸ್ಥೆ ಇದೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದಂತೆ ರಕ್ತನಾಳಗಳ ಗೋಡೆಯಲ್ಲಿ ಬಿಗಿಯಾದ ತಡೆ ಇದೆ. ಹುಳಿಯ ಕಣಗಳು ಇದನ್ನು ಸುಲಭಕ್ಕೆ ದಾಟಲಾರವು. ಇಂಗಾಲದ ಡೈಆಕ್ಸೈಡ್ ಮಾತ್ರ ಸಲೀಸಾಗಿ ದಾಟುತ್ತದೆ. ದಾಟಿದ್ದು ಆಚೆಯ ನೀರಿಗೆ ಸೇರಿ ಅಲ್ಲೇ ಹುಳಿಯಾಗುತ್ತದೆ, ಕಾವಲಿನ ಕೋಶಗಳು ಅದನ್ನು ಹಿಡಿಯುತ್ತವೆ. ಹಿಡಿಯುವುದು ಹೇಗೆ ಅನ್ನುವುದು ಈಗೀಗ ತಿಳಿಯುತ್ತಿದೆ. 2010ರಲ್ಲಿ, ನರಕೋಶಗಳಿಗೆ ಬರೀ ಆಸರೆ ಅಂತ ಅಂದುಕೊಂಡಿದ್ದ ಆಸ್ಟ್ರೋಸೈಟ್ ಕೋಶಗಳೂ ಹುಳಿಯನ್ನು ಗುರುತಿಸಿ ಸುದ್ದಿ ಮುಟ್ಟಿಸುತ್ತವೆ ಅಂತ ಗೊತ್ತಾಯಿತು. 2015ರಲ್ಲಿ ಇಲಿಗಳಲ್ಲಿ ಜಿಪಿಆರ್4 ಮತ್ತು ಟಾಸ್ಕ್-2 ಅನ್ನುವ ಎರಡು ಪ್ರೋಟೀನುಗಳನ್ನು ತೆಗೆದು ನೋಡಿದರು. ಎರಡೂ ಇಲ್ಲದ ಇಲಿಗಳು ಇಂಗಾಲದ ಡೈಆಕ್ಸೈಡ್ ಹೆಚ್ಚಾದರೂ ಉಸಿರನ್ನು ಸರಿಯಾಗಿ ಏರಿಸಲಿಲ್ಲ.

ಎರಡನೇ ಕಾವಲು ಕುತ್ತಿಗೆಯಲ್ಲಿ. ದವಡೆಯ ಕೆಳಗೆ ನಾಡಿ ಸಿಗುತ್ತದಲ್ಲ, ಅಲ್ಲಿ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ ಕವಲೊಡೆಯುತ್ತದೆ. ಆ ಕವಲಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗಂಟು, ಎಡಕ್ಕೊಂದು ಬಲಕ್ಕೊಂದು. ಹೆಸರು ಕೆರೋಟಿಡ್ ಬಾಡಿ. ಇದರ ಕೆಲಸ ತೋರಿಸಿದ್ದಕ್ಕೆ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆಮ್ಲಜನಕ ತುಂಬಾ ಇಳಿದರೆ ಬೊಬ್ಬೆ ಹಾಕುವುದು ಮುಖ್ಯವಾಗಿ ಇದೇ. ಸ್ವಲ್ಪ ಇಳಿದರೆ ಸುಮ್ನೆ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಏರಿದ್ದನ್ನೂ ಇದು ಹೇಳುತ್ತದೆ, ಮೆದುಳಿನ ಕಾವಲಿಗಿಂತ ಬೇಗ ಹೇಳುತ್ತದೆ. ಆದರೆ ಒಟ್ಟು ಲೆಕ್ಕದಲ್ಲಿ ದೊಡ್ಡ ಪಾಲು ಮೆದುಳಿನ ಬುಡದ್ದೇ.

ಸುದ್ದಿ ಹೋಗಿ ಸೇರುವುದು ಉಸಿರಿನ ತಾಳ ಹಾಕುವ ನರಕೋಶಗಳಿಗೆ. ಮೆಡುಲ್ಲದಲ್ಲೇ ಇರುವ ಈ ಜಾಗವನ್ನು 1991ರಲ್ಲಿ ಗುರುತಿಸಿದರು. ಹೆಸರು ಪ್ರೀ-ಬಾಟ್ಸಿಂಗರ್ ಕಾಂಪ್ಲೆಕ್ಸ್, ಜರ್ಮನಿಯ ಒಂದು ಸಭೆಯಲ್ಲಿ ಊಟದ ಮೇಜಿನ ಮೇಲಿದ್ದ ವೈನ್ ಬಾಟಲಿಯಿಂದ ಬಂದ ಹೆಸರು. ನಾವು ನಿದ್ದೆ ಮಾಡಿದರೂ ಇದು ತಾಳ ಬಿಡುವುದಿಲ್ಲ. ಹುಳಿ ಜಾಸ್ತಿ ಅಂತ ಸುದ್ದಿ ಬಂದರೆ ತಾಳ ಚುರುಕಾಗುತ್ತದೆ, ಪೆಟ್ಟು ಜೋರಾಗುತ್ತದೆ. ಅಲ್ಲಿಂದ ಅಪ್ಪಣೆ ಬೆನ್ನುಹುರಿಗೆ ಇಳಿದು, ಕುತ್ತಿಗೆಯಿಂದ ಹೊರಡುವ ಫ್ರೆನಿಕ್ ನರದ ದಾರಿಯಲ್ಲಿ ವಪೆಗೆ ಹೋಗುತ್ತದೆ. ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ. ಅದು ಕೆಳಗೆ ಜಗ್ಗಿದಾಗ ಗಾಳಿ ಒಳಗೆ ಬರುತ್ತದೆ. ಉಸಿರು ಜೋರಾದಂತೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಹುಳಿ ಇಳಿಯುತ್ತದೆ, ಕಾವಲು ತಣ್ಣಗಾಗುತ್ತದೆ, ತಾಳ ಮತ್ತೆ ಮೊದಲಿನ ಹದಕ್ಕೆ. ಸುರಂಗದ ಹೊರಗೆ ನಾಲ್ಕು ಉಸಿರಿಗೆ ನಾನು ಸರಿಯಾದದ್ದು ಹೀಗೆ.

ಆಗಿನ ಗಾಬರಿಯೂ ಇದರದ್ದೇ ಭಾಗ. ಮೆದುಳಿನಲ್ಲಿ ಹೆದರಿಕೆ ಹುಟ್ಟುವ ಅಮಿಗ್ಡಲ ಎಂಬ ಜಾಗ ಹಾಳಾಗಿ, ಹಾವು ಕಂಡರೂ ಹೆದರದಂಥ ಸ್ಥಿತಿ ಕೆಲವರಿಗೆ ಬರುತ್ತದೆ. ಅಂಥ ಮೂವರಿಗೆ ನೂರಕ್ಕೆ 35 ಪಾಲು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದು ಉಸಿರು ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೂವರೂ ಗಾಬರಿಬಿದ್ದರು. ಅಷ್ಟು ಹಳೆಯ, ಅಷ್ಟು ಆಳದ ಎಚ್ಚರಿಕೆ ಇದು.

ನಾಯಿ, ಮುಗುಡು, ಮೊಸಳೆ

ಬಿಸಿಲಿಗೆ ನಾಯಿ ನಾಲಿಗೆ ಹೊರಹಾಕಿ ತೇಕುತ್ತದೆ, ನಿಮಿಷಕ್ಕೆ 300ರ ಹತ್ತಿರ. ನಾವು ಹಾಗೆ ಮಾಡಿದರೆ ಇಂಗಾಲದ ಡೈಆಕ್ಸೈಡ್ ಪೂರ್ತಿ ಇಳಿದು ತಲೆ ತಿರುಗಿ ಬೀಳುತ್ತೇವೆ. ನಾಯಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಆ ಉಸಿರು ಮೇಲುಮೇಲಿನದು. ಬಾಯಿ, ಮೂಗು, ಗಂಟಲಿನಲ್ಲಷ್ಟೇ ಗಾಳಿ ಓಡಾಡಿ ತಂಪು ಮಾಡುತ್ತದೆ, ಶ್ವಾಸಕೋಶದ ಆಳಕ್ಕೆ ಹೆಚ್ಚು ಇಳಿಯುವುದಿಲ್ಲ.

ಮೀನಿನ ಲೆಕ್ಕ ಉಲ್ಟಾ. ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿರುವುದರ ಮೂವತ್ತರಲ್ಲಿ ಒಂದು ಪಾಲಿನಷ್ಟೇ. ಇಂಗಾಲದ ಡೈಆಕ್ಸೈಡ್ ಮಾತ್ರ ನೀರಿಗೆ ಸುಲಭವಾಗಿ ಕರಗಿ ಹೋಗುತ್ತದೆ. ಉಗ್ರಾಣ ಖಾಲಿ, ಎಂಜಲೆಲೆ ತಾನಾಗಿ ತೇಲಿ ಹೋಗುತ್ತದೆ ಅಂದುಕೊಳ್ಳಿ. ಆಗ ಅಕ್ಕಿಯನ್ನೇ ಎಣಿಸಬೇಕು ತಾನೇ? ಮೀನು ಕಿವಿರಿನಲ್ಲಿ ಮುಖ್ಯವಾಗಿ ಆಮ್ಲಜನಕವನ್ನೇ ಅಳೆಯುತ್ತದೆ. ಗದ್ದೆಯ ಕೆಸರು ನೀರಿನಲ್ಲಿರುವ ಮುಗುಡು ಮೀನು ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುವುದು ಅದಕ್ಕೇ. ಕಪ್ಪೆಯಲ್ಲಿ ಎರಡೂ ಕಾಣುತ್ತದೆ. ಗೊದಮೊಟ್ಟೆಯಾಗಿ ನೀರಿನಲ್ಲಿದ್ದಾಗ ಮೀನಿನ ಹಾಗೆ, ದಡಕ್ಕೆ ಬಂದು ಶ್ವಾಸಕೋಶದಲ್ಲಿ ಉಸಿರಾಡುವ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಮುಖ್ಯವಾಗುತ್ತದೆ.

ಕೋಳಿ, ಕಾಗೆಗಳಿಗೆ ಶ್ವಾಸಕೋಶದ ಒಳಗೇ ಈ ಅನಿಲವನ್ನು ಅಳೆಯುವ ನರಗಳಿವೆ, ಒಂದೊಂದು ಉಸಿರಿನ ಉದ್ದವನ್ನೂ ಅವು ತಿದ್ದುತ್ತವೆ.

ಮೊಸಳೆ ಅಂದ ಕೂಡಲೇ ನಮಗೆ ಅನಂತಪುರ ಕೆರೆ ದೇವಸ್ಥಾನದ ಬಬಿಯಾ ನೆನಪಾಗುತ್ತದೆ. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಇಡೀ ಸೀಮೆಯೇ ನೋಡಲು ಹೋಗಿತ್ತು. ಮೊಸಳೆಗಳು ಒಮ್ಮೆ ಮುಳುಗಿದರೆ ಒಂದು ತಾಸಿನವರೆಗೂ ಇರಬಲ್ಲವು. ಅವುಗಳ ಉಸಿರಿಗೆ ನಮ್ಮ ಹಾಗೆ ಬಿಡದ ತಾಳ ಇಲ್ಲ. ನಾಲ್ಕು ಉಸಿರು, ಆಮೇಲೆ ಉದ್ದದ ಬಿಡುವು. ಇಂಗಾಲದ ಡೈಆಕ್ಸೈಡ್ ಏರಿದಂತೆ ಬಿಡುವು ಗಿಡ್ಡವಾಗುತ್ತದೆ. ಇನ್ನೊಂದು ವಿಶೇಷ ಅದರ ರಕ್ತದಲ್ಲಿದೆ. ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದಾಗ ಹುಳಿಯ ಜೊತೆ ಬೈಕಾರ್ಬೋನೇಟ್ ಕೂಡ ಆಗುತ್ತದೆ. ಮೊಸಳೆಯ ಹೀಮೋಗ್ಲೋಬಿನ್‌ಗೆ ಅದು ಅಂಟಿದರೆ ಅಲ್ಲೇ ಆಮ್ಲಜನಕ ಬಿಡುಗಡೆ. ಅಂದರೆ ಎಲ್ಲಿ ಕೆಲಸ ಜಾಸ್ತಿ ನಡೆದು ಈ ಅನಿಲ ತುಂಬಿದೆಯೋ, ಅಲ್ಲಿಗೇ ಆಮ್ಲಜನಕ ಇಳಿಯುತ್ತದೆ. ನೀರಿನಡಿಯಲ್ಲಿ ಇದ್ದಷ್ಟನ್ನೂ ಪೂರ್ತಿ ಬಳಸಿಕೊಳ್ಳುವ ದಾರಿ ಇದು.

ಕಾವಲು ಕೂಗದಿದ್ದಾಗ

ಕೆರೆಯಲ್ಲಿ ಮಕ್ಕಳು ಪಂಥ ಕಟ್ಟುತ್ತಾರೆ, ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ ಅಂತ. ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರು ಎಳೆದು ಬಿಟ್ಟರೆ ಜಾಸ್ತಿ ಹೊತ್ತು ಇರಬಹುದು ಅಂತ ಯಾರೋ ಹೇಳಿಕೊಡುತ್ತಾರೆ. ನಾವೂ ಮಾಡಿದ್ದೆವು. ದಯವಿಟ್ಟು ಮಕ್ಕಳಿಗೆ ಇದನ್ನು ಬಿಡಿಸಿ. ಹಾಗೆ ಉಸಿರಾಡಿದರೆ ಆಮ್ಲಜನಕ ಹೆಚ್ಚು ತುಂಬುವುದಿಲ್ಲ, ಹೀಮೋಗ್ಲೋಬಿನ್ ಮೊದಲೇ ತುಂಬಿದೆ. ಇಳಿಯುವುದು ಇಂಗಾಲದ ಡೈಆಕ್ಸೈಡ್. ಕಾವಲು ಕೂಗುವಷ್ಟು ಅದು ಮತ್ತೆ ಏರುವುದರೊಳಗೆ ಆಮ್ಲಜನಕ ಮುಗಿದುಹೋಗುತ್ತದೆ. ಮಗು ಕೈಕಾಲು ಬಡಿಯುವುದಿಲ್ಲ, ಮೇಲೆ ಬರಲು ಹೆಣಗುವುದಿಲ್ಲ. ನೀರಿನಡಿಯಲ್ಲೇ ಎಚ್ಚರ ತಪ್ಪುತ್ತದೆ. ಈಜು ಚೆನ್ನಾಗಿ ಬರುವವರೇ ಹೀಗೆ ಹೋಗುವುದುಂಟು.

ಕಾವಲು ಹುಟ್ಟಿನಿಂದಲೇ ಕೆಲಸ ಮಾಡದ ಕಾಯಿಲೆಯೂ ಇದೆ, ತುಂಬಾ ಅಪರೂಪ. ಫಾಕ್ಸ್2ಬಿ ಎಂಬ ಜೀನ್ ಕೆಟ್ಟಿರುವುದು ಕಾರಣ ಅಂತ 2003ರಲ್ಲಿ ಗೊತ್ತಾಯಿತು. ಅಂಥ ಮಕ್ಕಳು ನಿದ್ದೆಗೆ ಜಾರಿದರೆ ಉಸಿರು ತೀರಾ ಕಮ್ಮಿಯಾಗುತ್ತದೆ, ರಾತ್ರಿಯೆಲ್ಲಾ ಯಂತ್ರ ಬೇಕು. ಅಫೀಮಿನ ಜಾತಿಯ ನೋವಿನ ಔಷಧಿ ಅತಿಯಾದರೂ ತಾಳ ಹಾಕುವ ಕೋಶಗಳು ಮಂಕಾಗುತ್ತವೆ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಾಳಾದ ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಯಾವಾಗಲೂ ಜಾಸ್ತಿಯೇ ಇರುತ್ತದೆ. ದೇಹ ಅದಕ್ಕೇ ಹೊಂದಿಕೊಂಡಿರುತ್ತದೆ. ಅಂಥವರಿಗೆ ಡಾಕ್ಟರು ಆಮ್ಲಜನಕವನ್ನು ಅಳೆದು ಕೊಡುತ್ತಾರೆ, ಮನೆಯಲ್ಲಿ ನಾವೇ ಹೆಚ್ಚುಕಮ್ಮಿ ಮಾಡಬಾರದು.

ಮತ್ತೆ ಬಾವಿಯ ಹತ್ತಿರ

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬಾವಿಯ ಅಡಿಯಲ್ಲಿ ಕೂತುಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಇದ್ದರೆ ಏದುಸಿರು, ತಲೆನೋವು. ಹತ್ತು ಪಾಲು ಆದರೆ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ, ಆಗ ಕೂಗುವ ಕಾವಲೂ ಮೆದುಳಿನ ಜೊತೆ ಮಂಕಾಗುತ್ತದೆ.

ಇದಕ್ಕಿಂತ ಭಯದ್ದು, ಇಂಗಾಲದ ಡೈಆಕ್ಸೈಡ್ ಹೆಚ್ಚಿಲ್ಲದೆ ಆಮ್ಲಜನಕ ಮಾತ್ರ ಹೋಗಿರುವ ಗಾಳಿ. ಅಲ್ಲಿ ಉಸಿರು ಹಾಯಾಗಿಯೇ ಓಡುತ್ತದೆ, ಕಟ್ಟಿದ ಹಾಗೆ ಅನಿಸುವುದೇ ಇಲ್ಲ. ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಂಥ ಗಾಳಿಯಾದರೆ ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಬಾವಿಯೊಳಗೆ ಡೀಸೆಲ್ ಅಥವಾ ಪೆಟ್ರೋಲ್ ಪಂಪು ಇಳಿಸಿ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ. ಮೆದುಳಿನ ಕಾವಲಿಗೂ ತಿಳಿಯುವುದಿಲ್ಲ, ಕುತ್ತಿಗೆಯ ಕಾವಲಿಗೂ ತಿಳಿಯುವುದಿಲ್ಲ, ಯಾಕೆಂದರೆ ರಕ್ತದ ನೀರಿನಲ್ಲಿ ಕರಗಿರುವ ಆಮ್ಲಜನಕ ಆಗ ಇಳಿದಿರುವುದಿಲ್ಲ, ಹೀಮೋಗ್ಲೋಬಿನ್‌ನ ಜಾಗ ಮಾತ್ರ ಈ ಮೊನಾಕ್ಸೈಡಿನ ಪಾಲಾಗಿರುತ್ತದೆ.

ಮೇಣದ ಬತ್ತಿ ಆಮ್ಲಜನಕ ಸುಮಾರು 16 ಪಾಲಿಗೆ ಇಳಿದಾಗ ಆರುತ್ತದೆ. ಆರಿತು ಅಂದರೆ ಇಳಿಯಲೇಬಾರದು. ಉರಿಯಿತು ಅಂದರೆ ಎಲ್ಲ ಸರಿ ಅಂತಲ್ಲ, ಮೊನಾಕ್ಸೈಡನ್ನು ಅದು ತೋರಿಸುವುದಿಲ್ಲ. ಉರಿಯುವ ಅನಿಲ ಇದ್ದರಂತೂ ಬೆಂಕಿಯೇ ಅಪಾಯ. ಗಾಳಿ ಅಳೆಯುವ ಯಂತ್ರ ಇರುವುದು ಇದಕ್ಕೇ. ಅದು ಇಲ್ಲದ ಕಡೆ ಇಳಿಯುವ ಮೊದಲು ಬ್ಲೋವರಿನಿಂದ ಹೊಸ ಗಾಳಿ ಬಿಡಬೇಕು, ಕೆಲಸ ಮುಗಿಯುವವರೆಗೂ ಬಿಡುತ್ತಲೇ ಇರಬೇಕು. ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಯಬೇಕು. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇಳಿಯಬಾರದು, ಅದು ಸ್ವಂತ ತಮ್ಮನಾದರೂ. ಹಗ್ಗ ಎಳೆಯಿರಿ, 101ಕ್ಕೆ ಫೋನ್ ಮಾಡಿ.

ಮಾವ ಈಗ ಸುರಂಗಕ್ಕೆ ಇಳಿಯುವುದಿಲ್ಲ. ಬಾವಿ ಕೆಲಸ ಇದ್ದರೆ ಕಟ್ಟೆಯ ಹತ್ತಿರ ಕುರ್ಚಿ ಹಾಕಿ ಕೂತು, ಕೆಳಗಿರುವವರ ಜೊತೆ ಮಾತಾಡುತ್ತಲೇ ಇರುತ್ತಾರೆ. ಮಳೆ, ಅಡಿಕೆಯ ರೇಟು, ಮನೆ ಸುದ್ದಿ ಏನಾದರೊಂದು. ಉತ್ತರ ತುಂಡುತುಂಡಾಗಿ, ನಡುನಡುವೆ ಉಸಿರು ಎಳೆಯುತ್ತಾ ಬಂತೆಂದರೆ ಮಾತು ನಿಲ್ಲಿಸಿ ಹಗ್ಗ ಹಿಡಿದವರಿಗೆ ಕೈ ಎತ್ತುತ್ತಾರೆ. ಉತ್ತರ ಬರದಿದ್ದರೆ ಕೈ ಎತ್ತುವವರೆಗೂ ಯಾರೂ ಕಾಯುವುದಿಲ್ಲ.